ಗೊಬ್ಬರದ ಗುಂಡಿಯ ಲೋಳೆಯೂ ಮೆದುಳು ತಿನ್ನುವ ಅಮೀಬಾವೂ: ಯಾರು ಯಾರ ನೆಂಟರು?

ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದ ತೋಟದವರು ಅರ್ಧ ಕಿಲೋ ಬ್ಲೀಚಿಂಗ್ ಪೌಡರನ್ನು ಗೊಬ್ಬರದ ಗುಂಡಿಗೆ ಸುರಿದರು. ಬಾವಿಗೆ ಹಾಕಲೆಂದು ತಂದಿಟ್ಟದ್ದು ಅದು. ರಾತ್ರಿ ಜೋರು ಮಳೆ ಬಂದಿತ್ತು. ಬೆಳಿಗ್ಗೆ ನೋಡಿದರೆ ಕೊಳೆಯಲು ಹಾಕಿದ ಸೊಪ್ಪು, ಅಡಿಕೆ ಸಿಪ್ಪೆಯ ಮೇಲೆ ಊಟದ ಬಟ್ಟಲಿನಷ್ಟು ಅಗಲಕ್ಕೆ ಹಳದಿ ಲೋಳೆ ಹರಡಿಕೊಂಡಿದೆ. ಹಿಂದಿನ ದಿನ ಅದು ಇರಲಿಲ್ಲ. ಮಧ್ಯಾಹ್ನ ಮತ್ತೆ ಹೋಗಿ ನೋಡಿದಾಗ ಇದ್ದ ಜಾಗದಿಂದ ಸ್ವಲ್ಪ ಆಚೆ ಸರಿದಿತ್ತು. ಅವರಿಗೆ ಜೀವ ಬಾಯಿಗೆ ಬಂತು. ನಾನು ತುಂಬ ವರ್ಷ ಜೀವಶಾಸ್ತ್ರ ಕಲಿಸಿದವನಾದ್ದರಿಂದ ನೇರ ನಮ್ಮ ಮನೆಗೇ ಬಂದರು. "ಮಾಷ್ಟ್ರೆ, ಇದು ಆ ಅಮೀಬಾ ಅಲ್ವಾ? ಮಕ್ಕಳು ಆಡುವುದು ಇಲ್ಲೇ" ಎಂದರು. ನಾನು ಹೋಗುವಷ್ಟರಲ್ಲಿ ಪೌಡರ್ ಬಿದ್ದಾಗಿತ್ತು.

ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಕೇರಳದಲ್ಲಿ 2016ರಲ್ಲಿ ಆಲಪ್ಪುಳದಲ್ಲಿ ಮೊದಲು ಸುದ್ದಿಯಾದ ಅಮೀಬಾ ಮೆದುಳುಜ್ವರ 2024 ಮತ್ತು 2025ರಲ್ಲಿ ಒಂದರ ಹಿಂದೆ ಒಂದರಂತೆ ಬಂತು. ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಏರಿದರೆ, ಲೋಕದ ಲೆಕ್ಕದಲ್ಲಿ 100ರಲ್ಲಿ ಸುಮಾರು 97 ಮಂದಿ ಉಳಿಯುವುದಿಲ್ಲ. 2024ರಲ್ಲಿ ಕೋಝಿಕ್ಕೋಡು ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಗುಣವಾಗಿ ಮನೆಗೆ ಬಂದದ್ದು ಅಷ್ಟು ದೊಡ್ಡ ಸುದ್ದಿಯಾದದ್ದು ಅದಕ್ಕೇ. 2025ರಲ್ಲಿ ಕೆರೆಗೆ ಇಳಿಯದ ಎಳೆ ಮಗುವಿಗೂ ಕಾಯಿಲೆ ಬಂದಾಗ ಮನೆಯ ಬಾವಿ ನೀರಿನ ಮೇಲೂ ಅನುಮಾನ ಹುಟ್ಟಿತು. ಬಾವಿ, ಟ್ಯಾಂಕಿಗಳಿಗೆ ಕ್ಲೋರಿನ್ ಹಾಕುವ ಕೆಲಸ ರಾಜ್ಯದ ಉದ್ದಕ್ಕೂ ನಡೆಯಿತು. ನಮ್ಮ ಕಾಸರಗೋಡಿನಲ್ಲಿ ಬಾವಿ ಉಂಟು, ಗುಡ್ಡ ಕೊರೆದ ಸುರಂಗ ಉಂಟು, ಮುರಕಲ್ಲಿನ ಪಾರೆಯ ಮೇಲೆ ಪಳ್ಳ ಉಂಟು, ಮದಕ ಉಂಟು. ನೀರಿನ ಜೊತೆಗೇ ಬದುಕುವ ಜನಕ್ಕೆ ಇಂಥ ಸುದ್ದಿಯಿಂದ ನಿದ್ದೆ ಹೋಗುತ್ತದೆ.

ಆದರೆ ಗುಂಡಿಯಲ್ಲಿದ್ದದ್ದು ಆ ಅಮೀಬಾ ಅಲ್ಲ. ಅದು ಫುಲಿಗೊ ಎಂಬ ಬಗೆಯ ಲೋಳೆ ಬೂಷ್ಟು. ಇಂಗ್ಲಿಷಿನ ಸ್ಲೈಮ್ ಮೋಲ್ಡ್ ಎಂಬ ಹೆಸರನ್ನು ನಾವು ಹೀಗೆ ಕನ್ನಡಕ್ಕೆ ತಂದಿದ್ದೇವೆ. ಕೆಲವರು ಲೋಳೆ ಶಿಲೀಂಧ್ರ ಎಂದೂ ಬರೆಯುತ್ತಾರೆ. ಅದು ಬೂಷ್ಟೂ ಅಲ್ಲ, ಶಿಲೀಂಧ್ರವೂ ಅಲ್ಲ. ಗೊಂದಲ ಹುಟ್ಟುವುದೇ ಇಲ್ಲಿಂದ. ಅಮೀಬಾ, ಬೂಷ್ಟು, ಲೋಳೆ ಎಂಬ ಈ ಮೂರು ಮಾತುಗಳೂ ಹೇಳುವುದು ಜೀವಿ ಕಾಣುವ ರೀತಿಯನ್ನು, ಅದರ ಮನೆತನವನ್ನಲ್ಲ. ಕಾಣುವ ರೀತಿಯನ್ನೇ ಮನೆತನ ಎಂದುಕೊಂಡರೆ ಹೆದರಿಕೆ ಒಂದು ಕಡೆ, ಅಪಾಯ ಇನ್ನೊಂದು ಕಡೆ ಆಗುತ್ತದೆ. ಪೌಡರ್ ಗೊಬ್ಬರಕ್ಕೆ ಬೀಳುತ್ತದೆ, ಬಾವಿ ಹಾಗೇ ಉಳಿಯುತ್ತದೆ.

ಇದೇ ಗೊಂದಲ ನಮ್ಮ ಪಾಠದಲ್ಲೂ ಇದೆ. ತಂಗಿಯ ಮಗಳು ಈಗ ಪ್ಲಸ್ ವನ್. ಆ ವಾರವೇ ಪುಸ್ತಕ ಹಿಡಿದುಕೊಂಡು ಬಂದು, "ಮಾವ, ಇದರಲ್ಲಿ ಒಟ್ಟು ಸೇರಿ ಪ್ಲಾಸ್ಮೋಡಿಯಮ್ ಆಗ್ತವೆ ಅಂತ ಇದೆ. ನೀವು ಮೊನ್ನೆ ಹೇಳಿದ್ದು ಬೇರೆ ಅಲ್ವಾ?" ಎಂದಳು. ಪುಸ್ತಕದಲ್ಲಿರುವುದು ಕೆಲವೇ ಸಾಲು. ಲೋಳೆ ಬೂಷ್ಟುಗಳು ಕೊಳೆತದ್ದನ್ನು ಉಂಡು ಬದುಕುವ ಪ್ರೊಟಿಸ್ಟರು (ಪ್ರಾಣಿ, ಗಿಡ, ಶಿಲೀಂಧ್ರ ಯಾವುದೂ ಅಲ್ಲದ ಜೀವಿಗಳು), ಒಳ್ಳೆಯ ಕಾಲದಲ್ಲಿ ಒಟ್ಟು ಸೇರಿ ಪ್ಲಾಸ್ಮೋಡಿಯಮ್ (ಲೋಳೆಯ ಒಂದೇ ದೊಡ್ಡ ಹರಡು) ಆಗುತ್ತವೆ, ಕಷ್ಟಕಾಲದಲ್ಲಿ ಬೀಜಕ ಬಿಡುತ್ತವೆ, ಇಷ್ಟು. ಈ ಕೆಲವು ಸಾಲಿನಲ್ಲಿ ಎರಡು ಬೇರೆ ಬೇರೆ ಜೀವಿಗಳ ಕತೆಯನ್ನು ಹೊಲಿದುಬಿಟ್ಟಿದ್ದಾರೆ. ನಾನೂ ವರ್ಷಗಟ್ಟಲೆ ಹಾಗೇ ಕಲಿಸಿದ್ದೇನೆ, ಅದಕ್ಕೇ ಈಗ ಬಿಡಿಸಿ ಬರೆಯಬೇಕು ಅನಿಸಿತು.

ಮೊದಲು ಆ ಹೊಲಿಗೆ ಬಿಚ್ಚೋಣ. ಫುಲಿಗೊದಂಥ ಪ್ಲಾಸ್ಮೋಡಿಯಮ್ ಬಗೆಯ ಲೋಳೆ ಬೂಷ್ಟು ಯಾರೊಂದಿಗೂ ಗುಂಪು ಸೇರಿ ದೊಡ್ಡದಾಗುವುದಿಲ್ಲ. ಅದು ಒಂದೇ ಕೋಶ. ಎರಡು ಸಣ್ಣ ಕೋಶಗಳು ಕೂಡಿ ಒಂದಾಗುತ್ತವೆ. ಆಮೇಲೆ ಒಳಗಿನ ಕೋಶಕೇಂದ್ರ ಎರಡಾಗಿ, ನಾಲ್ಕಾಗಿ, ಸಾವಿರಗಟ್ಟಲೆ ಆಗುತ್ತ ಹೋಗುತ್ತದೆ. ನಡುವೆ ಗೋಡೆ ಮಾತ್ರ ಏಳುವುದಿಲ್ಲ. ಬಟ್ಟಲಿನಷ್ಟು ಅಗಲವಿದ್ದ ಆ ಹಳದಿ ಹರಡು ಗೋಡೆಯಿಲ್ಲದ ಒಂದೇ ಮನೆ. ಅದು ಬ್ಯಾಕ್ಟೀರಿಯಾ, ಬೀಜಕ, ಸಣ್ಣ ಜೀವಿಗಳನ್ನು ಮೈಯೊಳಗೆ ತೆಗೆದುಕೊಂಡು ತಿನ್ನುತ್ತದೆ. ಹಾಗಾಗಿ ಕೊಳೆತದ್ದನ್ನು ಹೀರುವುದು ಎಂಬ ಮಾತೂ ಸರಿಯಲ್ಲ. ಇದೇ ಬಳಗದ ಫೈಸಾರಮ್ 2010ರಲ್ಲಿ ಜಪಾನಿನಲ್ಲಿ ಓಟ್ಸ್ ಕಾಳುಗಳ ನಡುವೆ ಟೋಕಿಯೋದ ರೈಲುದಾರಿಯಂಥ ಜಾಲ ನೇಯ್ದು ಹೆಸರು ಮಾಡಿತು. ಅದು ದೊಡ್ಡ ಕತೆ, ಇಲ್ಲಿ ಬೇಡ.

ಕೋಶದ ಲೋಳೆ ಬೂಷ್ಟು ಎನ್ನುವುದು ಇನ್ನೊಂದು ಬಗೆ. ಇವು ನಿಜಕ್ಕೂ ಒಟ್ಟು ಸೇರುತ್ತವೆ, ಆದರೆ ಕರಗಿ ಒಂದಾಗುವುದಿಲ್ಲ. ಪ್ರತಿ ಕೋಶವೂ ತನ್ನ ಪೊರೆ ತನಗೆ ಎಂದು ಇಟ್ಟುಕೊಂಡೇ ಗುಂಪಾಗುತ್ತದೆ. ಮೊದಲು ಕಂಡವರೇ ಇಲ್ಲಿ ಎಡವಿದ್ದರು. 1869ರಲ್ಲಿ ಜರ್ಮನಿಯ ಆಸ್ಕರ್ ಬ್ರೆಫೆಲ್ಡ್ ಕುದುರೆ ಲದ್ದಿಯಲ್ಲಿ ಇಂಥ ಮೊದಲ ಜೀವಿಯನ್ನು ಕಂಡರು. ಡಿಕ್ಟಿಯೊಸ್ಟೀಲಿಯಮ್ ಎಂದು ಹೆಸರಿಟ್ಟರು. ಬಲೆಯಂಥ ದಂಟು ಉಳ್ಳದ್ದು ಎಂದು ಅರ್ಥ. ಅಮೀಬಾಗಳು ಕರಗಿ ಒಂದಾಗಿ ಪ್ಲಾಸ್ಮೋಡಿಯಮ್ ಆಗುತ್ತವೆ ಎಂದು ಅವರು ಆಗ ತಿಳಿದರು. 1880ರಲ್ಲಿ ಫ್ರಾನ್ಸಿನ ಫಿಲಿಪ್ ವಾನ್ ಟೀಗೆಮ್, ಇಲ್ಲ, ಅವು ಕೊನೆಯವರೆಗೂ ಬೇರೆ ಬೇರೆಯಾಗಿಯೇ ಇರುತ್ತವೆ ಎಂದು ತೋರಿಸಿದರು. 1884ರಲ್ಲಿ ಬ್ರೆಫೆಲ್ಡ್ ತಾವೇ ತಿದ್ದಿಕೊಂಡರು. ಒಟ್ಟು ಸೇರಿ ಪ್ಲಾಸ್ಮೋಡಿಯಮ್ ಎನ್ನುವ ನಮ್ಮ ಪಾಠದ ಸಾಲು ಆ 1869ರ ತಪ್ಪೇ. ಮಾಡಿದವರೇ ಬಿಟ್ಟದ್ದನ್ನು ನಾವು ಇವತ್ತಿಗೂ ಮಕ್ಕಳಿಂದ ಬರೆಸುತ್ತಿದ್ದೇವೆ ಎನ್ನುವುದು ನನಗೆ ಬೇಸರ ತರುವ ಸಂಗತಿ.

ಈಗ ಅದರ ಬದುಕಿನ ಕತೆ. ಎಷ್ಟು ಸಲ ಹೇಳಿದರೂ ನನಗೆ ಸಾಕಾಗದ ಕತೆ ಇದು.

ಅತಿ ಹೆಚ್ಚು ತಿಳಿದಿರುವುದು ಡಿಕ್ಟಿಯೊಸ್ಟೀಲಿಯಮ್ ಡಿಸ್ಕಾಯ್ಡಿಯಮ್ ಎಂಬ ಜಾತಿಯದು. 1933ರಲ್ಲಿ ಅಮೆರಿಕದ ಕೆನ್ನೆತ್ ರೇಪರ್ ನಾರ್ತ್ ಕ್ಯಾರೊಲೈನಾದ ಕಾಡಿನ ತರಗೆಲೆಯಿಂದ ಇದನ್ನು ತೆಗೆದರು, 1935ರಲ್ಲಿ ಹೆಸರಿಟ್ಟರು. ಬೀಜಕ ಒಡೆದು ಒಂದು ಅಮೀಬಾ ಹೊರಬರುತ್ತದೆ. ಇಂಥ 100 ಕೋಶಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು. ಅದರ ಊಟ ಮಣ್ಣಿನ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾಗಳು ಬಿಡುವ ಫೋಲಿಕ್ ಆಮ್ಲದ ಜಾಡು ಹಿಡಿದು ಹೋಗಿ ಅವನ್ನು ನುಂಗುತ್ತದೆ. ಊಟ ಚೆನ್ನಾಗಿದ್ದರೆ ಮೂರು ನಾಲ್ಕು ಗಂಟೆಗೊಮ್ಮೆ ಎರಡಾಗುತ್ತದೆ. ಅಷ್ಟರವರೆಗೆ ಒಂದಕ್ಕೆ ಇನ್ನೊಂದರ ಹಂಗಿಲ್ಲ.

ಊಟ ಮುಗಿಯಿತು ಎನ್ನುವಾಗ ಎಲ್ಲವೂ ಬದಲಾಗುತ್ತದೆ. ಹಸಿದ ಒಂದು ಕೋಶ ಸೈಕ್ಲಿಕ್ ಎಎಂಪಿ ಎಂಬ ವಸ್ತುವನ್ನು ಹೊರಗೆ ಬಿಡುತ್ತದೆ. ಫೋನು ಬರುವ ಮೊದಲು ನಮ್ಮ ಗುಡ್ಡಗಳಲ್ಲಿ ಕೂ ಹಾಕುತ್ತಿದ್ದದ್ದು ನೆನಪಿದೆಯಾ? ಈ ಗುಡ್ಡದವರು ಕೂ ಎಂದರೆ ಆ ಗುಡ್ಡದವರು ಕೇಳಿ ತಾವೂ ಕೂ ಎನ್ನುತ್ತಿದ್ದರು, ಅದನ್ನು ಕೇಳಿ ಬಯಲಿನ ಆಚೆಯವರು ಇನ್ನೊಂದು ಕೂ ಹಾಕುತ್ತಿದ್ದರು, ಹಾಗೆ ಒಂದು ಸಾವಿನ ಸುದ್ದಿಯೋ ಕಾಡುಹಂದಿ ಬಂದ ಸುದ್ದಿಯೋ ಎರಡು ಮೂರು ಮೈಲು ದಾಟುತ್ತಿತ್ತು. ಇಲ್ಲೂ ಹಾಗೇ. ಪಕ್ಕದ ಕೋಶಕ್ಕೆ ಕೂ ತಲುಪಿದ ಕೂಡಲೇ ಅದು ಎರಡು ಕೆಲಸ ಮಾಡುತ್ತದೆ. ಕೂ ಬಂದ ದಿಕ್ಕಿಗೆ ತುಸು ಸರಿಯುತ್ತದೆ, ತಾನೂ ಕೂ ಹಾಕುತ್ತದೆ. ಆಮೇಲೆ ಕೆಲವು ನಿಮಿಷ ಅದಕ್ಕೆ ಕಿವಿ ಕೇಳಿಸುವುದಿಲ್ಲ. ಈ ಕಿವುಡು ತುಂಬ ಮುಖ್ಯ. ಅದು ಇಲ್ಲದಿದ್ದರೆ ತನ್ನ ಹಿಂದಿನವರ ಕೂಗಿಗೂ ತಿರುಗಿ ಎತ್ತಲೂ ಹೋಗದೆ ಅಲ್ಲೇ ಸುತ್ತುತ್ತಿತ್ತು. ಕಿವುಡು ಇರುವುದರಿಂದ ಕೂಗಿನ ಅಲೆ ಹೊರಗೆ ಹೊರಗೆ ಹೋಗುತ್ತದೆ, ಕೋಶಗಳು ಒಳಗೆ ಒಳಗೆ ಬರುತ್ತವೆ. ಹಳೆಯ ಕೂಗು ಗಾಳಿಯಲ್ಲಿ ನಿಲ್ಲದ ಹಾಗೆ ಅದನ್ನು ಒಡೆದು ಹಾಕುವ ಕಿಣ್ವವನ್ನೂ ಅವೇ ಬಿಡುತ್ತವೆ. ಸುಮಾರು ಆರು ನಿಮಿಷಕ್ಕೊಂದು ಅಲೆ. ಗಾಜಿನ ತಟ್ಟೆಯಲ್ಲಿ ನೋಡಿದರೆ ಕೊಳಕ್ಕೆ ಕಲ್ಲು ಬಿದ್ದಾಗಿನ ಹಾಗೆ ಬಳೆಗಳು, ಸುರುಳಿಗಳು ಕಾಣುತ್ತವೆ.

ಕರೆಯುವ ವಸ್ತು ಒಂದಿದೆ ಎಂದು ತೋರಿಸಿದವರು ಜಾನ್ ಟೈಲರ್ ಬೋನರ್, 1947ರಲ್ಲಿ. ಅವರ ಪ್ರಯೋಗ ಬಹಳ ಸರಳ. ಗುಂಪಾಗುತ್ತಿರುವ ಕೋಶಗಳ ಮೇಲೆ ನೀರು ನಿಧಾನ ಹರಿಯಲು ಬಿಟ್ಟರು. ಹರಿವಿನ ಕೆಳಗಿದ್ದ ಕೋಶಗಳು ಮಾತ್ರ ಗುಂಪಿನ ಕಡೆ ಬಂದವು, ಮೇಲಿದ್ದವು ಸುಮ್ಮನಿದ್ದವು. ಅಂದರೆ ನೀರಿನಲ್ಲಿ ಕರಗಿ ಹೋಗುವ ಏನೋ ಒಂದು ಕರೆಯುತ್ತಿದೆ. ಅದು ಸೈಕ್ಲಿಕ್ ಎಎಂಪಿ ಎಂದು ಥಿಯೊ ಕೊನೈನ್ ಮತ್ತು ಜೊತೆಯವರು 1967ರಲ್ಲಿ ಕಂಡುಹಿಡಿದರು. ನಮ್ಮ ಮೈಯೊಳಗೂ ಹಾರ್ಮೋನಿನ ಸಂದೇಶ ದಾಟಿಸುವುದು ಇದೇ ವಸ್ತು. ಮೊದಲು ಕೂ ಹಾಕುವ ಕೋಶ ಯಾವುದು, ಅದು ನಾಯಕನಾ ಎಂಬ ಪ್ರಶ್ನೆ ಬಹಳ ಕಾಲ ಇತ್ತು. 1970ರಲ್ಲಿ ಎವೆಲಿನ್ ಫಾಕ್ಸ್ ಕೆಲ್ಲರ್ ಮತ್ತು ಲೀ ಸೆಗೆಲ್ ಲೆಕ್ಕ ಹಾಕಿ, ನಾಯಕ ಬೇಕಾಗಿಯೇ ಇಲ್ಲ, ಎಲ್ಲವೂ ಒಂದೇ ಥರ ಇದ್ದರೂ ಗುಂಪು ಕಟ್ಟುತ್ತದೆ ಎಂದು ತೋರಿಸಿದರು. ಇದನ್ನು ಒಪ್ಪಿಕೊಳ್ಳಲು ಜನಕ್ಕೆ ಕಷ್ಟವಾಯಿತು. ಯಾರೋ ಒಬ್ಬ ಯಜಮಾನ ಇರಲೇಬೇಕು ಎಂದು ನಮ್ಮ ಮನಸ್ಸು ಹುಡುಕುತ್ತದೆ.

ಹಾಗೆ ಕೂಡಿದ ಕೋಶಗಳು ಲಕ್ಷದವರೆಗೂ ಇರುತ್ತವೆ. ಮೊದಲು ಗುಡ್ಡೆ. ಗುಡ್ಡೆಗೆ ತುದಿ ಮೂಡುತ್ತದೆ. ಆಮೇಲೆ ಅದು ಅಡ್ಡ ಬಿದ್ದು ಎರಡರಿಂದ ನಾಲ್ಕು ಮಿಲಿಮೀಟರ್ ಉದ್ದದ ಹುಳದಂತಾಗಿ ತೆವಳುತ್ತದೆ. ಚಿಪ್ಪಿಲ್ಲದ ಬಸವನಹುಳದ ಹಾಗೆ ಹಿಂದೆ ಲೋಳೆಯ ಗೆರೆ ಬಿಡುತ್ತದೆ. ಬೆಳಕಿನ ಕಡೆ, ಬಿಸುಪಿನ ಕಡೆ ಹೋಗುತ್ತದೆ. ತರಗೆಲೆಯ ಅಡಿಯಿಂದ ಮೇಲೆ ಬರುವ ದಾರಿ ಅದು. ಕತ್ತರಿಸಿದರೆ ತುಂಡು ತುಂಡೂ ಸಣ್ಣ ಹುಳವಾಗಿ ಸರಿಹೋಗುತ್ತದೆ. ಇದರೊಳಗೆ ಕಾವಲಿನವರೂ ಇದ್ದಾರೆ ಎಂದು 2007ರಲ್ಲಿ ಗೊತ್ತಾಯಿತು. ಕೆಲವು ಕೋಶಗಳು ಮೈಯೊಳಗೆ ಓಡಾಡಿ ವಿಷವನ್ನೂ ರೋಗದ ಬ್ಯಾಕ್ಟೀರಿಯಾವನ್ನೂ ನುಂಗಿ, ಲೋಳೆಯ ಗೆರೆಯ ಜೊತೆ ಹಿಂದೆ ಉದುರಿಹೋಗುತ್ತವೆ. ನಮ್ಮ ರಕ್ತದ ಬಿಳಿಕಣಗಳ ಕೆಲಸವನ್ನು ಇಲ್ಲಿ ಒಂದು ಹಿಡಿ ಅಮೀಬಾಗಳು ಮಾಡುತ್ತವೆ.

ಸರಿಯಾದ ಜಾಗ ಸಿಕ್ಕಿದರೆ ಹುಳ ನಿಲ್ಲುತ್ತದೆ, ಎದ್ದು ಕೂರುತ್ತದೆ. ಮುಂದಿದ್ದ ಸುಮಾರು ಐದನೇ ಒಂದು ಪಾಲು ಕೋಶಗಳು ನಡುವಿನಿಂದ ಕೆಳಗಿಳಿದು ಸೆಲ್ಯುಲೋಸ್ ಸುತ್ತಿಕೊಂಡು ಉಬ್ಬಿ ಸಾಯುತ್ತವೆ. ಅವುಗಳ ಹೆಣವೇ ದಂಟು. ಉಳಿದ ಕೋಶಗಳು ಆ ದಂಟನ್ನು ಏರಿ ತುದಿಯಲ್ಲಿ ಉಂಡೆಯಾಗಿ ಬೀಜಕಗಳಾಗುತ್ತವೆ. ಹಸಿವು ಶುರುವಾದಾಗಿನಿಂದ ಇಲ್ಲಿಯವರೆಗೆ ಸುಮಾರು 24 ಗಂಟೆ. ಸಾಸಿವೆ ಕಾಳಿಗಿಂತಲೂ ಸಣ್ಣ ಉಂಡೆ, ಕೂದಲಿನಂಥ ದಂಟು, ಒಟ್ಟು ಎತ್ತರ ಒಂದೆರಡು ಮಿಲಿಮೀಟರ್. ಹುಳುವೋ ನೀರೋ ತಾಗಿದರೆ ಬೀಜಕಗಳು ಬೇರೆ ಕಡೆ ಹೋಗುತ್ತವೆ. ಗಂಡುಹೆಣ್ಣಿನ ದಾರಿಯೂ ಇದೆ, ಒದ್ದೆ ಮತ್ತು ಕತ್ತಲೆಯಲ್ಲಿ ಎರಡು ಕೋಶಗಳು ಕೂಡಿ, ಸುತ್ತ ಬಂದವರನ್ನೆಲ್ಲ ತಿಂದು ದಪ್ಪ ಗೋಡೆಯೊಳಗೆ ಮಲಗುತ್ತವೆ. ಈ ಜಾತಿಯಲ್ಲಿ ಎರಡಲ್ಲ, ಮೂರು ಲಿಂಗ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಐದನೇ ಒಂದು ಪಾಲು. ಸತ್ತು ದಂಟಾಗುವವರು ಯಾರು? ಎಲ್ಲರೂ ಒಂದೇ ತಾಯಿಕೋಶದ ಮಕ್ಕಳಾದರೆ ಸತ್ತವನ ಜೀನು ಅಣ್ಣತಮ್ಮಂದಿರ ಮೂಲಕ ಮುಂದೆ ಹೋಗುತ್ತದೆ. ಆದರೆ ಬೇರೆ ಬೇರೆ ಕುಲದವರು ಸೇರಿದ ಗುಂಪಿನಲ್ಲಿ ಕೆಲವರು ದಂಟಿನ ಕೆಲಸದಿಂದ ತಪ್ಪಿಸಿಕೊಂಡು ಬೀಜಕದ ಜಾಗವನ್ನೇ ಹಿಡಿಯುತ್ತಾರೆ ಎಂದು 2000ದಲ್ಲಿ ಜೋನ್ ಸ್ಟ್ರಾಸ್‌ಮನ್ ಮತ್ತು ಡೇವಿಡ್ ಕ್ವೆಲ್ಲರ್ ಅವರ ಬಳಗ ತೋರಿಸಿತು. ಕಾಡಿನಲ್ಲಿ ನಿಜಕ್ಕೂ ಹಾಗೆ ಬೆರೆಯುತ್ತವೆಯೇ? ಅದನ್ನು ನೋಡಲು ನಮ್ಮವರೇ ಹೊರಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ ಮತ್ತು ಅವರ ಜೊತೆಗಾರರು ತಮಿಳುನಾಡು ಗಡಿಯ ಮುದುಮಲೈ ಕಾಡಿನ ಮಣ್ಣು, ಪ್ರಾಣಿಗಳ ಸಗಣಿ ಲದ್ದಿ ತಂದು, ಅದರಲ್ಲಿ ಎದ್ದ ಗುಂಪುಗಳನ್ನು ಬಿಡಿಸಿ ನೋಡಿದರು. ಒಂದೇ ಗುಂಪಿನಲ್ಲಿ ಬೇರೆ ಬೇರೆ ಕುಲದವರು ಇರುವುದು ಸಾಮಾನ್ಯವೇ ಎಂದು 2010ರಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತದ ಗಿಡಗಳ ಬೇರಿನ ಮಣ್ಣಿನಲ್ಲಿ ಈ ಜೀವಿಗಳಿವೆ ಎಂಬುದಂತೂ 1956ರಲ್ಲೇ ಅಚ್ಚಾದ ವಿಷಯ. ಪಠ್ಯದಲ್ಲಿ ಇದೊಂದು ವಿದೇಶಿ ಜೀವಿಯ ಹಾಗೆ ಬರುತ್ತದೆ. ಅದು ನಮ್ಮ ಕಾಲಡಿಯದು.

ತೋಟದವರಿಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. 2011ರಲ್ಲಿ ಡೆಬ್ರಾ ಬ್ರಾಕ್ ಮತ್ತು ಬಳಗದವರು ನೋಡಿದಾಗ, ಕಾಡಿನಿಂದ ತಂದ ಕುಲಗಳಲ್ಲಿ ಮೂರನೇ ಒಂದು ಪಾಲು ಬ್ಯಾಕ್ಟೀರಿಯಾವನ್ನು ಪೂರ್ತಿ ತಿಂದು ಮುಗಿಸುವುದಿಲ್ಲ. ಸ್ವಲ್ಪ ಉಳಿಸಿ ಬೀಜಕದ ಉಂಡೆಯೊಳಗೆ ಕಟ್ಟಿಕೊಂಡು ಹೋಗುತ್ತವೆ, ಹೊಸ ಜಾಗದಲ್ಲಿ ಬಿತ್ತುತ್ತವೆ. ಬಿತ್ತನೆಗೆಂದು ಕಾಯಿ ತೆಗೆದಿಡುವುದು ನಮಗೆ ಮಾತ್ರ ಗೊತ್ತಿರುವ ವಿದ್ಯೆ ಅಲ್ಲ.

ಇನ್ನು ಮನೆತನದ ವಿಷಯ. ಸ್ವಲ್ಪ ತಾಳ್ಮೆ ಬೇಕು, ಆದರೆ ಪಕ್ಕದ ಮನೆಯವರ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

1859ರಲ್ಲಿ ಆಂಟನ್ ಡಿ ಬರಿ ಲೋಳೆ ಬೂಷ್ಟುಗಳನ್ನು ಮೈಸೆಟೊಜೋವಾ ಎಂದು ಕರೆದರು. ಅಣಬೆಪ್ರಾಣಿ ಎಂದು ಹೇಳಬಹುದು. ಆಗಲೇ ಅವರಿಗೆ ಇವು ಗಿಡದ ಕಡೆಯವಲ್ಲ ಎಂಬ ಅನುಮಾನ ಇತ್ತು. ಆದರೂ ಬೀಜಕ ಬಿಡುತ್ತವೆ ಎಂಬ ಒಂದೇ ಕಾರಣಕ್ಕೆ ಇವುಗಳನ್ನು ಓದಿದವರು ಸಸ್ಯಶಾಸ್ತ್ರದವರು, ಹಾಗಾಗಿ ಹೆಸರುಗಳೂ ಶಿಲೀಂಧ್ರದ ಮಾದರಿಯಲ್ಲೇ ಬಂದವು. ಕೋಶದ ಲೋಳೆ ಬೂಷ್ಟುಗಳಿಗೆ ಅಕ್ರೇಸಿಯೊಮೈಸೀಟ್ಸ್ ಎಂಬ ಹೆಸರಾಯಿತು. ವಿಟೇಕರ್ 1969ರಲ್ಲಿ ಐದು ಸಾಮ್ರಾಜ್ಯಗಳ ಪಟ್ಟಿ ಮಾಡಿದಾಗಲೂ ಇವು ಶಿಲೀಂಧ್ರದ ಸಾಲಿನಲ್ಲೇ ಉಳಿದವು. ಹಳೆಯ ಡಿಗ್ರಿ ಪುಸ್ತಕಗಳಲ್ಲಿ ಈಗಲೂ ಹಾಗೇ ಕಾಣಬಹುದು.

ಅಕ್ರೇಸಿಯೊಮೈಸೀಟ್ಸ್ ಎಂಬ ಆ ಗೋಣಿಯೊಳಗೆ ಎರಡು ಬಗೆಯವರಿದ್ದರು. ಒಂದು, ಡಿಕ್ಟಿಯೊಸ್ಟೀಲಿಡ್‌ಗಳು, ಇಷ್ಟು ಹೊತ್ತು ಹೇಳಿದ್ದು ಅವರ ಕತೆ. ಇನ್ನೊಂದು, ಅಕ್ರೇಸಿಡ್‌ಗಳು. ಅಕ್ರೇಸಿಸ್ ರೋಸಿಯಾ ಎಂಬುದು ಒಣಗಿದ ಎಲೆ, ಕೋಡುಗಳ ಮೇಲೆ ಎಳೆ ಕಿತ್ತಳೆ ಬಣ್ಣದ ಸಣ್ಣ ಮರದ ಹಾಗೆ ಏಳುತ್ತದೆ. ಇದೂ ಅಮೀಬಾ, ಇದೂ ಹಸಿದಾಗ ಗುಂಪಾಗುತ್ತದೆ, ಇದಕ್ಕೂ ದಂಟು ಮತ್ತು ಬೀಜಕ. ದೂರದಿಂದ ನೋಡಿದರೆ ಒಂದೇ. ಹತ್ತಿರ ಹೋದಷ್ಟೂ ಬೇರೆ. ಡಿಕ್ಟಿಯೊಸ್ಟೀಲಿಡ್ ಅಮೀಬಾ ಚೂಪು ಚೂಪಾದ ಸಣ್ಣ ಕಾಲು ಚಾಚುತ್ತ ನಿಧಾನ ಹೋಗುತ್ತದೆ. ಅಕ್ರೇಸಿಸ್ ಮುಂದಕ್ಕೆ ಒಂದೇ ದಪ್ಪ ಗುಳ್ಳೆ ಥಟ್ಟನೆ ಉಕ್ಕಿಸಿ ಬೇಗ ಬೇಗ ಸಾಗುತ್ತದೆ. ಅವು ಸಾಲುಗಟ್ಟಿ ಹೊಳೆಯ ಹಾಗೆ ಬರುತ್ತವೆ, ಇವು ಒಂದೊಂದಾಗಿ ಬರುತ್ತವೆ. ಅಲ್ಲಿನ ದಂಟು ಸತ್ತ ಕೋಶಗಳದ್ದು. ಇಲ್ಲಿ ದಂಟಿನ ಕೋಶಗಳೂ ಬದುಕಿರುತ್ತವೆ, ಬೇಕಾದರೆ ಮತ್ತೆ ಅಮೀಬಾ ಆಗಿ ಇಳಿದು ಹೋಗುತ್ತವೆ. ಕೋಶದೊಳಗಿನ ಮೈಟೊಕಾಂಡ್ರಿಯಾದ ಮಡಿಕೆಗಳೂ ಬೇರೆ, ಅಲ್ಲಿ ಕೊಳವೆಯಂತೆ, ಇಲ್ಲಿ ಚಪ್ಪಟೆ.

1985ರಲ್ಲಿ ಪೇಜ್ ಮತ್ತು ಬ್ಲಾಂಟನ್ ಎಂಬಿಬ್ಬರು ಅಕ್ರೇಸಿಡ್‌ಗಳನ್ನು ಆ ಗೋಣಿಯಿಂದ ಹೊರಗೆ ತೆಗೆದು ಹೆಟೆರೊಲೊಬೋಸಿಯಾ ಎಂಬ ಹೊಸ ವರ್ಗದಲ್ಲಿ ಇಟ್ಟರು. ಆ ವರ್ಗದಲ್ಲಿ ಅವರ ನೆಂಟರು ಯಾರು ಗೊತ್ತೇ? ನೆಗ್ಲೇರಿಯಾ. ಗುಳ್ಳೆ ಉಕ್ಕಿಸಿ ಸಾಗುವ ಅದೇ ನಡಿಗೆ. ಮುಂದೆ ಜೀನುಗಳನ್ನು ಓದಿದಾಗಲೂ ಅದೇ ಉತ್ತರ ಬಂತು.

ಡಿಕ್ಟಿಯೊಸ್ಟೀಲಿಡ್‌ಗಳು ಹೋದದ್ದು ಅಮೀಬೊಜೋವಾ ಎಂಬ ಬೇರೆಯೇ ದೊಡ್ಡ ಕೊಂಬೆಗೆ. ನಾವು ಶಾಲೆಯಲ್ಲಿ ಚಿತ್ರ ಬರೆದ ಅಮೀಬಾ ಅಲ್ಲಿದೆ. ಗುಂಡಿಯ ಹಳದಿ ಫುಲಿಗೊವೂ ಅಲ್ಲೇ, ಡಿಕ್ಟಿಯೊಸ್ಟೀಲಿಡ್‌ಗಳ ಹತ್ತಿರದ ದಾಯಾದಿಯಾಗಿ. ಅಷ್ಟರ ಮಟ್ಟಿಗೆ ಡಿ ಬರಿ ಅವರ ಊಹೆ ಗೆದ್ದಿತು. ಕೇರಳದ ಸುದ್ದಿಯಲ್ಲಿ ಬಂದ ಇನ್ನೊಂದು ಅಮೀಬಾ, ಅಕಾಂಥಮೀಬಾ, ಅದೂ ಈ ಕೊಂಬೆಯದೇ. ಈ ಅಮೀಬೊಜೋವಾ ಕೊಂಬೆ ಪ್ರಾಣಿ ಮತ್ತು ಶಿಲೀಂಧ್ರಗಳ ಕೊಂಬೆಗೆ ತಾಗಿಕೊಂಡು ಇದೆ. ಹಾಗಾಗಿ ಡಿಕ್ಟಿಯೊಸ್ಟೀಲಿಯಮ್‌ಗೆ ನೆಗ್ಲೇರಿಯಾಗಿಂತ ನಾವು ಮನುಷ್ಯರೇ ಹತ್ತಿರದ ನೆಂಟರು. ಇದನ್ನು ಹೇಳಿದಾಗ ತಂಗಿಯ ಮಗಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಸುದ್ದಿಯಲ್ಲಿ ನೆಗ್ಲೇರಿಯಾಗೂ ಅಕಾಂಥಮೀಬಾಗೂ ಒಂದೇ ಹೆಸರು, ಅಮೀಬಾ. ಆದರೆ ರೋಗವೂ ಬೇರೆ. ನೆಗ್ಲೇರಿಯಾ ಬೆಚ್ಚಗಿನ ಸಿಹಿನೀರಿನಿಂದ ಮೂಗಿಗೆ ಏರಿ, ಗಟ್ಟಿಮುಟ್ಟಾದ ಮಕ್ಕಳನ್ನೂ ಕೆಲವೇ ದಿನದಲ್ಲಿ ಕೊಲ್ಲುತ್ತದೆ. ಅಕಾಂಥಮೀಬಾ ಹೆಚ್ಚಾಗಿ ಮೈಯ ತಡೆಶಕ್ತಿ ಕುಗ್ಗಿದವರಲ್ಲಿ, ವಾರಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ.

ಗುಂಪು ಸೇರಿ ದಂಟು ಕಟ್ಟುವ ಈ ವಿದ್ಯೆ ಎರಡು ಮನೆತನಗಳಲ್ಲಿ ಮಾತ್ರ ಇದೆಯಾ ಎಂದರೆ ಅಲ್ಲ. ಫೊಂಟಿಕ್ಯುಲಾ ಎಂಬ ಇನ್ನೊಂದು ಕೋಶದ ಲೋಳೆ ಬೂಷ್ಟನ್ನು 2009ರಲ್ಲಿ ಜೀನು ಹಿಡಿದು ನೋಡಿದಾಗ ಅದು ನಿಜವಾದ ಶಿಲೀಂಧ್ರಗಳ ಪಕ್ಕದಲ್ಲಿ ಬಂತು. ಸೊರೊಜೆನಾ ಎಂಬುದು ಪ್ಯಾರಮೀಸಿಯಮ್‌ನ ಬಳಗ. ಮಿಕ್ಸೊಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾಗಳೂ ಇದನ್ನೇ ಮಾಡುತ್ತವೆ. ಹಸಿದಾಗ ಒಟ್ಟು ಸೇರು, ಎತ್ತರಕ್ಕೆ ಏರು, ಬೀಜಕ ಬಿಡು. ಬೇರೆ ಬೇರೆ ಮನೆತನದವರು ತಾವು ತಾವೇ ಕಂಡುಕೊಂಡ ದಾರಿ ಇದು. ಹಾಗಾದರೆ ಕೋಶದ ಲೋಳೆ ಬೂಷ್ಟು ಎನ್ನುವುದು ಒಂದು ಕಸುಬಿನ ಹೆಸರು, ಬಡಗಿ ಎಂದೋ ಟೈಲರ್ ಎಂದೋ ಹೇಳುವ ಹಾಗೆ. ಮನೆಹೆಸರು ಬೇರೆ ಕೇಳಬೇಕು.

ಡಿಕ್ಟಿಯೊಸ್ಟೀಲಿಡ್‌ಗಳ ಒಳಗೂ ಇದೇ ಪಾಠ. ಹಿಂದೆ ದಂಟಿನ ರೂಪ ನೋಡಿ ಮೂರು ಪಂಗಡ ಮಾಡಿದ್ದರು. ಒಂಟಿ ದಂಟಿನದ್ದು ಡಿಕ್ಟಿಯೊಸ್ಟೀಲಿಯಮ್, ಸುತ್ತ ಕವಲು ಬಿಡುವುದು ಪಾಲಿಸ್ಫೊಂಡೈಲಿಯಮ್, ದಂಟಿನಲ್ಲಿ ಕೋಶವೇ ಇಲ್ಲದ್ದು ಅಸಿಟೊಸ್ಟೀಲಿಯಮ್. 2006ರಲ್ಲಿ ಪೌಲಿನ್ ಸ್ಕಾಪ್ ಮತ್ತು ಜೊತೆಯವರು ಜೀನು ಓದಿ ನೋಡಿದರೆ ನಾಲ್ಕು ಗುಂಪುಗಳು, ಹಳೆಯ ಹೆಸರುಗಳು ಅವುಗಳಲ್ಲಿ ಚೆಲ್ಲಾಪಿಲ್ಲಿ. 2018ರಲ್ಲಿ ಹೊಸ ವರ್ಗೀಕರಣ ಬಂತು. ರೇಪರ್ ಅವರ ಹೆಸರಿನಲ್ಲಿ ರೇಪರೊಸ್ಟೀಲಿಯಮ್, ವಾನ್ ಟೀಗೆಮ್ ಅವರ ಹೆಸರಿನಲ್ಲಿ ಟೀಗೆಮೊಸ್ಟೀಲಿಯಮ್ ಎಂದೆಲ್ಲ ಹೊಸ ಪಂಗಡಗಳಾದವು.

ಇದೆಲ್ಲ ತಿಳಿದು ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಅಡಿಕೆಯ ಕೊಳೆರೋಗ ತೋರಿಸುತ್ತೇನೆ. ಕಾಸರಗೋಡಿನಲ್ಲಿ ಕೊಳೆರೋಗ ಗೊತ್ತಿಲ್ಲದ ತೋಟದವರು ಇಲ್ಲ. ಮೈಸೂರಿನಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅದು ಫೈಟೊಫ್ತೊರಾ ಎಂಬ ಜೀವಿಯಿಂದ ಬರುವುದೆಂದು ಬರೆದರು. ಎಲ್ಲರೂ ಅದನ್ನು ಶಿಲೀಂಧ್ರ ಎನ್ನುತ್ತೇವೆ. ಮನೆತನ ನೋಡಿದರೆ ಅದು ಕಡಲಿನ ಕಂದು ಪಾಚಿಯ ನೆಂಟ. ನಿಜವಾದ ಶಿಲೀಂಧ್ರದ ಕೋಶದ ಪೊರೆಗೆ ಬೇಕಾದ ಸ್ಟೆರಾಲ್ ಎಂಬ ವಸ್ತುವನ್ನು ಇದು ತಾನಾಗಿ ತಯಾರಿಸುವುದೇ ಇಲ್ಲ. ಹಾಗಾಗಿ ಆ ತಯಾರಿಯನ್ನು ತಡೆದು ಶಿಲೀಂಧ್ರ ಕೊಲ್ಲುವ ಮದ್ದು ಇದರ ಮೇಲೆ ನಡೆಯುವುದಿಲ್ಲ. ಮೈಲುತುತ್ತು ಸುಣ್ಣ ಸೇರಿಸಿದ ಬೋರ್ಡೋ ನಡೆಯುತ್ತದೆ, ಏಕೆಂದರೆ ತಾಮ್ರಕ್ಕೆ ಮನೆತನದ ಭೇದ ಇಲ್ಲ. ಅಂಗಡಿಯಲ್ಲಿ ಬೂಷ್ಟಿನ ಮದ್ದು ಕೊಡಿ ಎಂದು ಕೇಳಿ ತಂದು ಮರಕ್ಕೆ ಬಿಟ್ಟು, ಆಮೇಲೆ ಕಾಯಿ ಉದುರುವುದನ್ನು ನೋಡುತ್ತ ನಿಂತವರು ನಮ್ಮಲ್ಲಿ ಇದ್ದಾರೆ.

ಪಕ್ಕದ ಮನೆಯವರಿಗೆ ನಾನು ಹೇಳಿದ್ದು ಇಷ್ಟು. ಗುಂಡಿಯ ಹಳದಿ ಲೋಳೆ ಒಂದೆರಡು ದಿನದಲ್ಲಿ ಒಣಗಿ ಕಂದು ಪುಡಿಯಾಗುತ್ತದೆ. ಅಲರ್ಜಿ, ಉಬ್ಬಸ ಇದ್ದವರು ಆ ಪುಡಿಯನ್ನು ಕೆದಕದಿದ್ದರೆ ಸಾಕು. ಮಣ್ಣಿನ ಡಿಕ್ಟಿಯೊಸ್ಟೀಲಿಡ್‌ಗಳಿಂದ ಮನುಷ್ಯರಿಗೆ ರೋಗವಿಲ್ಲ. ಪೌಡರ್ ಗೊಬ್ಬರಕ್ಕೆ ಬಿದ್ದರೆ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತವೆ, ಎರೆಹುಳ ಸಾಯುತ್ತವೆ. ಅದು ಬೀಳಬೇಕಾದದ್ದು ಬಾವಿಗೆ, ಟ್ಯಾಂಕಿಗೆ. ಮಕ್ಕಳನ್ನು ಬೇಸಿಗೆಯಲ್ಲಿ ನಿಂತ ನೀರಿನ ಮದಕಕ್ಕೆ ಧುಮುಕಲು ಬಿಡಬೇಡಿ, ಮೂಗಿಗೆ ನೀರು ಎಳೆಯಬೇಕಾದರೆ ಕುದಿಸಿ ಆರಿಸಿದ ನೀರೇ ಆಗಲಿ. ಕುಡಿದರೆ ನೆಗ್ಲೇರಿಯಾ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ನೀರಿಗಿಳಿದ ಕೆಲವು ದಿನಗಳಲ್ಲಿ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಿಗಿತ ಬಂದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ, ನೀರಿಗಿಳಿದದ್ದನ್ನು ಡಾಕ್ಟರಿಗೆ ಮೊದಲು ಹೇಳಿ. ಪಕ್ಕದ ಮನೆಯವರು ಆ ಸಂಜೆಯೇ ಪೇಟೆಗೆ ಹೋಗಿ ಇನ್ನೊಂದು ಪ್ಯಾಕೆಟ್ ಪೌಡರ್ ತಂದರು.

ಮಾವ ಹೇಳಿದ್ದು ಸಾಲದು, ಕಣ್ಣಾರೆ ನೋಡಬೇಕು ಎನ್ನುವುದು ತಂಗಿಯ ಮಗಳ ಹಟ. ಒಳ್ಳೆಯ ಹಟ. ಅಕ್ರೇಸಿಸ್ ಹುಡುಕುವುದು ಹೆಚ್ಚು ಕಷ್ಟವಲ್ಲ. ಗಿಡದಲ್ಲೇ ಒಣಗಿ ನಿಂತ ಕೋಡು, ಎಲೆಯ ಚೂರುಗಳನ್ನು ಶಾಲೆಯ ಲ್ಯಾಬಿನಲ್ಲಿ ತೆಳು ಅಗರ್ ತಟ್ಟೆಯ ಮೇಲೆ ಒದ್ದೆ ಮಾಡಿ ಇಟ್ಟು, ಮೂರು ನಾಲ್ಕು ದಿನ ಬಿಟ್ಟು ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯಲ್ಲಿ ಚೂರಿನ ಅಂಚು ನೋಡಬೇಕು. ಡಿಕ್ಟಿಯೊಸ್ಟೀಲಿಡ್ ಬೇಕಾದರೆ ಒಣಹುಲ್ಲಿನ ಕಷಾಯದ ಅಗರ್, ತರಗೆಲೆಯ ಅಡಿಯ ಮಣ್ಣು ಕದಡಿದ ನೀರು, ಮತ್ತು ಒಂದು ವಾರದ ಕಾಯುವಿಕೆ. ಅವಳ ಟೀಚರ್ ಒಪ್ಪಿದ್ದಾರೆ. ನಾಗಬನದ ಒಳಗಿನ ಮಣ್ಣು ತೆಗೆಯುವುದು ಬೇಡ ಎಂದು ಅಮ್ಮ ಹೇಳಿದರು, ಹಾಗಾಗಿ ತೋಟದ ಮೇಲಿನ ಗುಡ್ಡದ ಹಲಸಿನ ಮರದ ಬುಡದಿಂದ ಒಂದು ಹಿಡಿ ತಂದಿದ್ದಾಳೆ. ಪೊಟ್ಟಣದ ಮೇಲೆ ತಾರೀಕು, ಜಾಗ ಬರೆದು, ಅದರ ಕೆಳಗೆ ಎರಡು ಖಾನೆ ಮಾಡಿದ್ದಾಳೆ. ಒಂದಕ್ಕೆ ಡಿಕ್ಟಿಯೊಸ್ಟೀಲಿಡ್ ಎಂದು ಹೆಸರು, ಇನ್ನೊಂದಕ್ಕೆ ಅಕ್ರೇಸಿಡ್.